ಭೋಂಗಾ ಕಾಕಾ

ಬಾಗಲಕೋಟೆಯ ನವನಗರದಲ್ಲಿ ಮನೆ ಹುಡುಕಬೇಕಾದರೆ ಸೆಕ್ಟರ್ ನಂಬರು ಬೇಕು, ಪ್ಲಾಟ್ ನಂಬರು ಬೇಕು. ಭೋಂಗಾ ಕಾಕಾರ ಮನೆಗೆ ಎರಡೂ ಬೇಡ. ಸಂಜೆ ಆರರ ಮೇಲೆ ಬಂದರೆ ಕಿವಿಯೇ ಕರೆದುಕೊಂಡು ಹೋಗುತ್ತದೆ.

ಭೋಂಗಾ ಅಂದರೆ ಹಾರ್ನ್ ಸ್ಪೀಕರು. ಕಾಕಾರದು ಕೆಡವಿ ಹಾಕಿದ ಯಾವುದೋ ಟಾಕೀಸಿನ ಹಾರ್ನು, ಗುಜರಿಯವನ ಹತ್ತಿರ ಕಿಲೋ ಲೆಕ್ಕದಲ್ಲಿ ತಂದದ್ದು. ಅದು ಹಾಲ್‌ಗೆ ಬಂದ ದಿನ ಸೋಫಾ ಹಿತ್ತಲಿಗೆ ಹೋಯಿತು. ನೀವು ಹೋದಿರೋ, ಚಹಾಕ್ಕಿಂತ ಮೊದಲು ಪಾಠ. "ಇಲ್ಲೆ ಕೈ ಇಡ್ರಿ, ಈ ಕುತ್ತಿಗ್ಯಾಗ. ಎಷ್ಟ ಸಣ್ಣದೈತಿ? ಸಾದಾ ಸ್ಪೀಕರ್ ಬಯಲಾಗ ಗಾಳಿ ನೂಕತೈತಿ, ಕರೆಂಟೆಲ್ಲಾ ಬಿಸಿಯಾಗಿ ಹೋಗತೈತಿ. ಇಲ್ಲೆ ಗಾಳಿ ಕೈಗೆ ಸಿಗತೈತಿ!" ಸಾದಾ ಡಬ್ಬಿ ಒಂದು ವ್ಯಾಟ್ ತಿಂದು ಒಂದು ಮೀಟರ್ ದೂರದಲ್ಲಿ 87 ಡೆಸಿಬಲ್ ಆಸುಪಾಸು ಕೊಟ್ಟರೆ, ದೊಡ್ಡ ಹಾರ್ನು 105ರ ತನಕ ಹೋಗುತ್ತದೆ. ಮೂರು ಡೆಸಿಬಲ್ ಏರಬೇಕಾದರೆ ವ್ಯಾಟು ದುಪ್ಪಟ್ಟಾಗಬೇಕು. ಅಂದರೆ ಅಲ್ಲಿ 64 ವ್ಯಾಟ್ ಬೇಡುವ ಸದ್ದಿಗೆ ಇಲ್ಲಿ ಒಂದೇ ಸಾಕು. ಉಳಿದ 63 ಬಿಲ್ಲಿನಲ್ಲಿ ಯಾಕೆ ಕಾಣುವುದಿಲ್ಲ ಎಂದು ಕಾಕಾರ ಹೆಂಡತಿ ಕಾಕು ಕೇಳುತ್ತಾರೆ. ವಾಲ್ವಿನ ಆಂಪ್ಲಿಫೈಯರು ಹಾಡದೆ ಕೂತರೂ ಕರೆಂಟು ಕುಡಿಯುತ್ತದೆಂದು ಕಾಕಾ ಇನ್ನೂ ಹೇಳಿಲ್ಲ.

ಅಮೆರಿಕದ ಪಾಲ್ ಕ್ಲಿಪ್ಶ್ ಇವರ ಮನೆದೇವರು. 1946ರಲ್ಲಿ ಕಂಪನಿ ಕಟ್ಟಿ, ಮೂಲೆಗೆ ನಿಲ್ಲಿಸುವ ಹಾರ್ನು ಮಾಡಿದ ಪುಣ್ಯಾತ್ಮ; ಮನೆಯ ಎರಡು ಗೋಡೆಗಳೇ ಅದರ ಬಾಯಿಯನ್ನು ಹಿಗ್ಗಿಸುತ್ತವೆ. ಸ್ಟೀರಿಯೋಗೆ ಎರಡು ಮೂಲೆ ಬೇಕು. ಎರಡನೆಯದು ಈಶಾನ್ಯ, ಅಲ್ಲಿ ದೇವರ ಜಗುಲಿ. ಕಾಕು ಜಪ್ಪಯ್ಯ ಅನ್ನಲಿಲ್ಲ. ಅಂದಿನಿಂದ ಕಾಕಾರ ಸಿದ್ಧಾಂತ ಬದಲಾಯಿತು: "ನಮ್ಮ ಬೀಳಗಿ ಅಮೀರಬಾಯಿ 1943ರಾಗ 'ಕಿಸ್ಮತ್'ಗೆ ಹಾಡಿದ್ದು ಒಂದ ಮೈಕಿಗೆ. ಎರಡ ಭೋಂಗಾ ಯಾಕ ಬೇಕ್ರಿ?"

ದನಿ ತಗ್ಗಿದಷ್ಟೂ ಹಾರ್ನಿನ ಬಾಯಿ ಹಿಗ್ಗಬೇಕು. 50 ಹರ್ಟ್ಸ್‌ನ ಒಂದು ಅಲೆ ಸುಮಾರು 7 ಮೀಟರ್ ಉದ್ದ. ಅದಕ್ಕೆ ತಕ್ಕ ಬಾಯಿ ಮಾಡಿಸಿದರೆ ಹಾಲ್ ಉಳಿಯುವುದಿಲ್ಲ. ಹೀಗಾಗಿ ಇಲ್ಲಿ ತಬಲಾ ಕೇಳುತ್ತದೆ, ಡಗ್ಗಾ ಊಹಿಸಿಕೊಳ್ಳಬೇಕು. ಹಳೇ ಬಾಗಲಕೋಟೆಯ ಮದುವೆ ಹಂದರ, ಬನಶಂಕರಿ ಜಾತ್ರೆಯ ನಾಟಕ ಕಂಪನಿ, ಎಲ್ಲ ಕಡೆ ಕಾಕಾ ಕೇಳಿ ಬೆಳೆದದ್ದು ಭೋಂಗಾದ ಹಾಡೇ. ಡಗ್ಗಾ ಇಲ್ಲದ್ದೇ ಅವರಿಗೆ ಶುದ್ಧ ದನಿ. ಹೋಳಿಯಲ್ಲಿ ಹಲಗಿ ಮೇಳ ಬಾಗಿಲಿಗೇ ಬಂದಾಗ ಕಣ್ಣು ಮುಚ್ಚಿ ಕೇಳಿದರು. "ಚಲೋ ಐತಿ. ಟ್ರೆಬಲ್ ಸ್ವಲ್ಪ ಕಮ್ಮಿ."

ಟಾಕೀಸಿನ ಹಾರ್ನು ಹುಟ್ಟಿದ್ದೇ ಹಿಂದಿನ ಸಾಲಿನವರಿಗಾಗಿ. ಹತ್ತು ಅಡಿಯಲ್ಲಿ ಕೂತರೆ ಅಮೀರಬಾಯಿಯೂ ಬೈದಂತೆ ಕೇಳುತ್ತದೆ. ಟೇಪು ಹಿಡಿದು ಅಳೆದಾಗ ಸರಿಯಾದ ಜಾಗ ಸಿಕ್ಕಿದ್ದು ಎದುರು ಮನೆಯ ಮಾಸ್ತರರ ಕಟ್ಟೆಯ ಮೇಲೆ. 78ರ ಪ್ಲೇಟು ಓಡುವುದು ಮೂರು ನಿಮಿಷ ಚಿಲ್ಲರೆ. ಸೂಜಿ ಇಟ್ಟು, ರಸ್ತೆ ದಾಟಿ, ಪಂಚೆ ಸರಿಮಾಡಿಕೊಂಡು ಕೂರುವಷ್ಟರಲ್ಲಿ ಪಲ್ಲವಿ ಹೋಗಿರುತ್ತದೆ. ಹಾಡು ಮುಗಿಯುವ ಮುನ್ನ ಮತ್ತೆ ಓಟ. ಕೊನೆಗೆ ಮಾಸ್ತರರೇ ಕರುಣೆ ತೋರಿದರು.

"ಕಾಕಾ, ನೀವು ನಮ್ಮ ಕಟ್ಟಿ ಮ್ಯಾಲ ಆರಾಮ ಕುಂದರ್ರಿ. ನಾ ನಿಮ್ಮ ಮನ್ಯಾಗ ಹೋಗಿ ಅಡ್ಡ ಆಗತೀನಿ. ಭೋಂಗಾದ ಹಿಂದ ಭಾಳ ಶಾಂತ ಇರತೈತಿ."