ಊರಿಗೊಬ್ಬ ಪೈಥಾನಪ್ಪ

ಕೊಳ್ಳೇಗಾಲದ ಕಡೆ ಈಗ ಬೀದಿಗೊಬ್ಬ ಪೈಥಾನಪ್ಪ ಸಿಗುತ್ತಾನೆ. ಹಾವಾಡಿಗನಲ್ಲ. ಬೆಂಗಳೂರಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಕೋರ್ಸ್ ಮುಗಿಸಿ, ವರ್ಕ್ ಫ್ರಂ ಹೋಮ್ ಎಂದು ಊರಿಗೆ ಬಂದು, ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತವನು. ಮಾತಿಗೆ ಸಿಕ್ಕರೆ ಮುಗಿಯಿತು, ಸಮಸ್ತ ಜಗತ್ತನ್ನೂ ಲಿಸ್ಟ್, ಟಪಲ್, ಸೆಟ್, ಡಿಕ್ಷನರಿ ಎಂಬ ನಾಲ್ಕು ಡಬ್ಬಕ್ಕೆ ತುಂಬಿಯೇ ಏಳುತ್ತಾನೆ.

ನಮ್ಮ ಬೀದಿಯವನು ಊರಿನ ಚರಿತ್ರೆಯನ್ನೂ ಬಿಟ್ಟಿಲ್ಲ. “ಟಪಲ್ ಅಂದ್ರೆ ಒಂದ್ಸಲ ಬರೆದ್ಮೇಲೆ ತಿದ್ದೋಕಾಗಲ್ಲ. ಕೊಳ್ಳೇಗಾಲ ಟಪಲ್ ಅಲ್ಲ. 1956ರವರೆಗೆ ಕೊಯಮತ್ತೂರು ಜಿಲ್ಲೆ, ಆಮೇಲೆ ಮೈಸೂರು, 1997ರಿಂದ ಚಾಮರಾಜನಗರ. ಎಷ್ಟು ತಿದ್ದಿದಾರೆ ನೋಡಿ!” ಕೇಳಿದವರಿಗೆ ಹೌದಲ್ಲ ಅನ್ನಿಸುತ್ತದೆ. ಅದೇ ಕಷ್ಟ.

ಅಮಾವಾಸ್ಯೆಗೆ ಮಾದಪ್ಪನ ಬೆಟ್ಟದ ಬಸ್ಸಿಗೆ ನಿಂತಾಗ, ಪೈಥಾನ್ ಲೆಕ್ಕದಲ್ಲಿ ಸಾಲಿನ ಮೊದಲನೆಯವರ ನಂಬರು ಸೊನ್ನೆ ಎಂದು ಮುಂದಿದ್ದ ಹಿರಿಯರಿಗೇ ಹೇಳಿ ಬೈಸಿಕೊಂಡ. ಅಷ್ಟರಲ್ಲಿ ಕಿಟಕಿಯಿಂದ ಟವೆಲ್ ಎಸೆದವರು ಸೀಟು ಹಿಡಿದಾಗಿತ್ತು.

ಅವನ ವಿದ್ಯೆಗೆ ನಿಜವಾದ ಪರೀಕ್ಷೆ ಬಂದದ್ದು ಅಕ್ಕನ ಮದುವೆಯ ಮುಯ್ಯಿ ಬರೆಯುವಾಗ. ನೋಟ್‌ಬುಕ್ ಹಳೇ ಕಾಲದ್ದೆಂದು ಡಿಕ್ಷನರಿ ಮಾಡಿದ: ಈ ಕಡೆ ‘ಕೀ’ ಆಗಿ ಹೆಸರು, ಆ ಕಡೆ ದುಡ್ಡು. ಡಿಕ್ಷನರಿಯ ಗುಣವೇನೆಂದರೆ, ಅದೇ ಹೆಸರು ಮತ್ತೆ ಬಂದರೆ ಹಳೆಯ ಮೊತ್ತವನ್ನು ಅಳಿಸಿ ಹೊಸದನ್ನು ಕೂರಿಸುತ್ತದೆ. ಒಂದು ಮಾತೂ ಕೇಳುವುದಿಲ್ಲ. ಬೇರೆ ಸೀಮೆಯಲ್ಲಾದರೆ ಹೇಗೋ ನಡೆದೀತು. ಇಲ್ಲಿ ಹನೂರಿನ ಕಡೆಯವರೆಲ್ಲ ಮಾದೇಶ, ಮಹದೇವ, ಮಾದಮ್ಮ. ಬಿಳಿಗಿರಿರಂಗನ ನೆರಳಿನ ಯಳಂದೂರಿನವರು ರಂಗಸ್ವಾಮಿ, ರಂಗಮ್ಮ. ಎರಡೂ ಕಡೆಯ ನೆಂಟರು ಒಂದೇ ಛತ್ರಕ್ಕೆ ಬಂದಿದ್ದರು.

ಸಂಜೆ ದುಡ್ಡು ಎಣಿಸಿದರೆ ಚೀಲ ತುಂಬ ನೋಟು, ಲ್ಯಾಪ್‌ಟಾಪಿನಲ್ಲಿ ಒಬ್ಬನೇ ಮಾದೇಶ. ಅವನ ಎದುರಿಗೆ 101 ರೂಪಾಯಿ.

ದೊಡ್ಡಪ್ಪ ಮಾತಾಡದೆ ಜೇಬಿನಿಂದ ಮಡಿಸಿದ ನೋಟ್‌ಬುಕ್ ತೆಗೆದರು. ಅವರು ಗುಟ್ಟಾಗಿ ಬರೆಯುತ್ತಲೇ ಇದ್ದರು: ರೇಷ್ಮೆಗೂಡಿನ ವ್ಯಾಪಾರದ ಮಾದೇಶ, ಹನೂರು; ಡ್ರೈವರ್ ಮಾದೇಶ, ಮುಡಿಗುಂಡ; ಹಾಲಿನ ಡೈರಿ ಮಾದೇಶ, ಅಗರ.

ಪೈಥಾನಪ್ಪನ ಮುಖ ಅರಳಿತು. “ದೊಡ್ಡಪ್ಪಾ, ಇದು ಟಪಲ್ ಕೀ! ಕಸುಬು, ಹೆಸರು, ಊರು ಸೇರಿಸಿ ಒಂದೇ ಕೀ ಮಾಡಿದ್ದೀರಿ. ಇದನ್ನ ನಾನು ಆಗಲೇ ಮಾಡ್ಬೇಕಿತ್ತು.”

“ಮಾಡೀವಂತೆ ಕಲಾ,” ಎಂದರು ದೊಡ್ಡಪ್ಪ, “ಹನೂರಲ್ಲಿ ಗೂಡಿನ ವ್ಯಾಪಾರದ ಮಾದೇಶ ಎಷ್ಟು ಜನ ಅವ್ರೆ, ಮೊದ್ಲು ಅದ ತಿಳ್ಕೊಂಡು ಬಾ.”