ಗೀರು ಮೀಮಾಂಸೆ: ಅಲಾಯ್ ವೀಲಿನ ಗಾಯವೂ ಟಯರ್ ಅಂಗಡಿಯ ಹೊಣೆಯೂ

ಟಯರ್ ಅಂಗಡಿಗಳ ಮುಂದೆ ದಿನಾ ನಡೆಯುವ ಒಂದು ವಾದಕ್ಕೆ ಇದುವರೆಗೂ ದರ್ಶನಶಾಸ್ತ್ರದ ಮಾನ್ಯತೆ ಸಿಕ್ಕಿಲ್ಲ. ಕಂಪನಿ ಕೊಟ್ಟ ಚಕ್ರ ಕಳಚಿಟ್ಟು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ಹದಿನೇಳು ಇಂಚಿನ ಅಲಾಯ್ ಹಾಕಿಸಿಕೊಂಡ ಭಕ್ತನೊಬ್ಬ, ಹೊಸ ಟಯರ್ ಕೂರಿಸಿಕೊಂಡು ಹೊರಡುವ ಹೊತ್ತಿಗೆ ಅಂಚಿನಲ್ಲೊಂದು ಗೀರು ಕಾಣುತ್ತಾನೆ. ‘ಇದು ನಿಮ್ಮ ಹುಡುಗನ ಕೆಲಸ’ ಎಂಬುದು ಪೂರ್ವಪಕ್ಷ. ‘ಮೊದಲೇ ಇತ್ತು ಸಾರ್’ ಎಂಬುದು ಉತ್ತರಪಕ್ಷ. ಅಂಗಡಿಯ ಷಟರ್ ಎಳೆದರೂ ಸಿದ್ಧಾಂತ ಮಾತ್ರ ಹೊರಬೀಳುವುದಿಲ್ಲ. ಆ ಕೊರತೆ ನೀಗಲೆಂದು ಈ ಕಿರುಗ್ರಂಥ.

ಪರಂಪರೆ ದೊಡ್ಡದು. 1924ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಲಿಯಾನ್‌ನ ಗ್ರಾಂಪ್ರಿ ಓಟಕ್ಕೆ ಎತ್ತೋರೆ ಬುಗಾಟ್ಟಿ ತನ್ನ ಟೈಪ್ 35 ಕಾರುಗಳನ್ನು ಇಳಿಸಿದ. ತಂತಿಕಡ್ಡಿಯ ಚಕ್ರಗಳ ಆ ಕಾಲದಲ್ಲಿ ಇವನದು ಎರಕ ಹೊಯ್ದ ಅಲ್ಯೂಮಿನಿಯಂ ಚಕ್ರ, ಎಂಟು ಚಪ್ಪಟೆ ಕಡ್ಡಿ, ಬ್ರೇಕ್ ಡ್ರಮ್ಮೂ ಅದರೊಳಗೇ. ಓಡುತ್ತ ಓಡುತ್ತ ಟಯರುಗಳ ಮೇಲ್ಪದರ ಕಿತ್ತು ಬಂತು. ತಪ್ಪು ಚಕ್ರದ್ದಲ್ಲ, ರಬ್ಬರು ಸರಿಯಾಗಿ ಹದಗೊಳ್ಳದ ಟಯರಿನದು ಎಂದಾಯಿತು. ಬುಗಾಟ್ಟಿಯ ಅಲಾಯ್ ಚಕ್ರ ಓಟಕ್ಕೆ ಕಾಲಿಟ್ಟ ದಿನವೇ ‘ನಂದಲ್ಲ, ನಿಂದು’ ಸಂಪ್ರದಾಯವೂ ಕಾಲಿಟ್ಟಿತು. ಅಂದು ಗೆದ್ದದ್ದು ಆಲ್ಫಾ ರೋಮಿಯೋ ಎಂಬ ಸಂಗತಿ ಈ ಶಾಸ್ತ್ರಕ್ಕೆ ಅಪ್ರಸ್ತುತ.

ಇನ್ನು ಪ್ರಮಾಣ ವಿಚಾರ. ನೈಯಾಯಿಕರು ಒಪ್ಪಿದ ನಾಲ್ಕರಲ್ಲಿ ಪ್ರತ್ಯಕ್ಷ ಇಲ್ಲಿ ದಕ್ಕುವುದಿಲ್ಲ. ಗೀರು ಬಿದ್ದ ಘಳಿಗೆಯಲ್ಲಿ ಮಾಲೀಕ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿರುತ್ತಾನೆ. ಉಪಮಾನದಿಂದ ಪ್ರಯೋಜನವಿಲ್ಲ. ಗತಿ ಅನುಮಾನವೊಂದೇ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಎಂದಂತೆ, ಗಾಯ ನೋಡಿ ಆಯುಧ ಊಹಿಸಬೇಕು.

ಟಯರ್ ಕಳಚುವ ಯಂತ್ರವನ್ನು ಹತ್ತಿರದಿಂದ ನೋಡಿದರೆ ವಿಷಯ ತಿಳಿಯಾಗುತ್ತದೆ. ತಿರುಗುವ ಮೇಜಿನ ನಾಲ್ಕು ಹಿಡಿಕೆಗಳು ರಿಮ್ ಅನ್ನು ಕಚ್ಚಿಕೊಳ್ಳುತ್ತವೆ. ಬಾತುಕೋಳಿಯ ಕೊಕ್ಕಿನಂಥ ಒಂದು ತುದಿ ರಿಮ್ಮಿನ ಅಂಚಿಗೆ ತಾಗಿಕೊಂಡು ಟಯರನ್ನು ಎತ್ತುತ್ತದೆ. ಆ ಕೊಕ್ಕಿಗೊಂದು ಪ್ಲಾಸ್ಟಿಕ್ ಕವಚವಿರಬೇಕು. ಅದು ಸವೆದು ಹೋಗಿದ್ದರೆ ಕಬ್ಬಿಣ ನೇರವಾಗಿ ಅಲ್ಯೂಮಿನಿಯಂ ಮೇಲೆ ಬರೆಯುತ್ತದೆ. ಜೊತೆಗೆ 205/45 ಆರ್ 17 ಟಯರಿನ ಪಕ್ಕದ ಗೋಡೆ ಬರೀ 92 ಮಿಲಿಮೀಟರ್ ಎತ್ತರ. ಹಳೆಯ 165/80 ಆರ್ 14ರದು 132. ಗೋಡೆ ಗಿಡ್ಡವಾದಷ್ಟೂ ಬಿಗಿ, ಲಿವರ್‌ಗೆ ಜಾಗ ಕಮ್ಮಿ, ಹುಡುಗನ ಸಿಟ್ಟು ಜಾಸ್ತಿ. (ಅಗಲ ಮಿಲಿಮೀಟರಿನಲ್ಲಿ, ಎತ್ತರ ಶೇಕಡಾದಲ್ಲಿ, ವ್ಯಾಸ ಇಂಚಿನಲ್ಲಿ ಬರೆಯುವ ಈ ಲಿಪಿಯನ್ನು ಯಾವ ಋಷಿ ಕಂಡನೋ!)

ಆದ್ದರಿಂದ ಅಂಚಿನುದ್ದಕ್ಕೂ ಬಳೆಯಂತೆ ಸುತ್ತಿದ ನಯವಾದ ಗೀರು ಕೊಕ್ಕಿನದು. ಸಮ ಅಂತರದಲ್ಲಿ ನಾಲ್ಕು ಕಚ್ಚಿದ ಗುರುತಿದ್ದರೆ ಹಿಡಿಕೆಗಳದು. ನಟ್ಟಿನ ಗುಳಿಯ ಸುತ್ತ ಬಣ್ಣ ಹಾರಿದ್ದರೆ ಇಂಪ್ಯಾಕ್ಟ್ ಗನ್ನಿನದು. ಟಾರ್ಕ್ ರೆಂಚ್ ಗೋಡೆಯ ಮೇಲೆ ಅಲಂಕಾರಕ್ಕೆ ನೇತಾಡುತ್ತಿರುತ್ತದೆ. ಎಡಬದಿಯ ಚಕ್ರಗಳಿಗೆ ಮಾತ್ರ ಒರಟಾಗಿ ಉಜ್ಜಿದ ಗಾಯವಿದ್ದರೆ ಅಂಗಡಿಯವನನ್ನು ಬಿಟ್ಟುಬಿಡಬೇಕು. ಎಡಕ್ಕೆ ನಿಲ್ಲಿಸುವ ನಮ್ಮ ದೇಶದಲ್ಲಿ ಅದು ಫುಟ್‌ಪಾತಿನ ಕಲ್ಲು ಹಾಕಿದ ರುಜು. ಅಂಗಡಿಯವನಂತೂ ಎಲ್ಲ ಗಾಯಕ್ಕೂ ಕಾಕತಾಲೀಯ ನ್ಯಾಯವನ್ನೇ ಹೇಳುತ್ತಾನೆ: ಟಯರ್ ಬಿಚ್ಚಿದ್ದೂ ನಿಜ, ಗೀರು ಕಂಡದ್ದೂ ನಿಜ, ಸಂಬಂಧ ಮಾತ್ರ ಇಲ್ಲ.

ಕೊನೆಯದು ಶಬ್ದಪ್ರಮಾಣ. ಅದು ಗೋಡೆಯ ಮೇಲೆ ಕೆಂಪಕ್ಷರದಲ್ಲಿದೆ: ‘ಮಾಲೀಕರದೇ ಜವಾಬ್ದಾರಿ’. ಇದನ್ನು ವೇದವಾಕ್ಯವೆಂದು ನಂಬಿ ಮನೆಗೆ ಹೋದವರೇ ಹೆಚ್ಚು. ಆದರೆ 1998ರ ಆಗಸ್ಟ್‌ನಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನ ಸಿಬ್ಬಂದಿಗೆ ಕೀಲಿ ಕೊಟ್ಟು ಒಳಹೋದ ಅತಿಥಿಯ ಮಾರುತಿ ಜೆನ್ ಕಳುವಾಯಿತು. ಚೀಟಿಯಲ್ಲಿ ಇದೇ ಮಂತ್ರ ಅಚ್ಚಾಗಿತ್ತು. ಇಪ್ಪತ್ತೊಂದು ವರ್ಷದ ಬಳಿಕ, 2019ರ ನವೆಂಬರಿನಲ್ಲಿ, ಸುಪ್ರೀಂ ಕೋರ್ಟ್ ಆ ಮಂತ್ರಕ್ಕೆ ಫಲವಿಲ್ಲ ಎಂದಿತು: ವಶಕ್ಕೆ ಪಡೆದವನೇ ತನ್ನ ಅಲಕ್ಷ್ಯವಿರಲಿಲ್ಲವೆಂದು ಮೊದಲು ತೋರಿಸಬೇಕು. ಆಧಾರ 1872ರ ಒಪ್ಪಂದ ಕಾಯ್ದೆ. ಅದರ 151ನೇ ಕಲಮಿನ ಪ್ರಕಾರ, ವಶದಲ್ಲಿರುವ ವಸ್ತುವನ್ನು ವಿವೇಕಿಯಾದ ಮನುಷ್ಯ ಅಷ್ಟೇ ಗಾತ್ರದ, ಗುಣದ, ಬೆಲೆಯ ತನ್ನದೇ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನ ಮಾಡಬೇಕು. ಹೋಟೆಲಿಗೆ ಹೇಳಿದ್ದು ಟಯರ್ ಅಂಗಡಿಗೆ ಸಲ್ಲದೆನ್ನಲು ಈ ಗ್ರಂಥಕಾರನಿಗೆ ಕಾರಣ ಕಾಣುತ್ತಿಲ್ಲ. ಅಂಗಡಿಯವನ ಸ್ವಂತ ಸ್ಕೂಟರಿನ ಚಕ್ರದ ಸ್ಥಿತಿ ನೋಡಿದರೆ ಮಾತ್ರ ‘ವಿವೇಕಿ’ಯ ವಿಷಯದಲ್ಲಿ ಅಧ್ಯಾಯವೊಂದು ಬೇಕಾದೀತು.

ಹಾಗೆಂದು ಮಾಲೀಕ ಬೀಗುವಂತಿಲ್ಲ. ಗುಂಡಿಗೆ ಬಿದ್ದು ಬಿರುಕುಬಿಟ್ಟ ರಿಮ್ಮಿಗೆ ವೆಲ್ಡಿಂಗ್ ಮಾಡಿಸಿ, ಬಣ್ಣ ಬಳಿಸಿ, ಬಾಯಿ ಬಿಡದೆ ತಂದುಕೊಟ್ಟವನನ್ನು 150ನೇ ಕಲಮು ಕಾಯುತ್ತಿದೆ. ಗೊತ್ತಿದ್ದ ದೋಷ ಹೇಳುವುದು ಅವನ ಕರ್ತವ್ಯ.

ಅಲ್ಲದೆ ಇಡೀ ವಾದದ ಕೀಲು ಇರುವುದು ಅಭಾವದಲ್ಲಿ. ಗೀರು ಹುಟ್ಟುವ ಮುಂಚಿನ ಗೀರಿಲ್ಲದ ಸ್ಥಿತಿಯೇ ಪ್ರಾಗಭಾವ. ಅದನ್ನು ಸಾಧಿಸಲು ಹಿಂದೆ ಪಂಡಿತರು ಗ್ರಂಥಗಟ್ಟಲೆ ಬರೆದರು. ಈಗ ಕೀಲಿ ಕೊಡುವ ಮುನ್ನ ನಾಲ್ಕು ಚಕ್ರಕ್ಕೆ ನಾಲ್ಕು ಫೋಟೋ, ಜಾಬ್ ಕಾರ್ಡಿನಲ್ಲಿ ಒಂದು ಸಾಲು ಸಾಕು. ಇವೆರಡಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತಟ್ಟಬಹುದು. ಕೊಟ್ಟ ಹಣ ಐದು ಲಕ್ಷ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಅಷ್ಟು ದೂರ ಹೋಗುವವರು ಕಡಿಮೆ. ಸಂಜೆ ಹೊತ್ತಿಗೆ ಅಂಗಡಿಯವನೇ ಸೋತು, ‘ಹೋಗ್ಲಿ ಬಿಡಿ ಸಾರ್, ನೈಟ್ರೋಜನ್ ಫ್ರೀ ಹಾಕ್ತೀನಿ’ ಎನ್ನುತ್ತಾನೆ. ಸುತ್ತಲಿನ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇರುವುದರಿಂದ ಪರಿಹಾರ ಸಿಕ್ಕಿದ್ದು ಉಳಿದ ಶೇ. 22ಕ್ಕೆ ಮಾತ್ರ ಎಂದು ಒಂದು ಪಂಥ ವಾದಿಸುತ್ತದೆ. ಸ್ಟೆಪ್ನಿಗೂ ಹಾಕಿಸಿಕೊಂಡರೆ ಐದು ಚಕ್ರಕ್ಕೆ ಸೇರಿ ಶೇ. 110 ಆಯಿತಲ್ಲ, ಅಂಗಡಿಯವನಿಗೇ ಹತ್ತು ಬಾಕಿ ಎಂಬುದು ಇನ್ನೊಂದು ಪಂಥದ ಲೆಕ್ಕ.