ಪಾಲಿಸಿ ಮಾಡಿಸುವ ತಮ್ಮನಿಗೆ, ಅಂತರಸಂತೆಯಿಂದ

ಪ್ರೀತಿಯ ತಮ್ಮಾ,

ಹೋದ ವಾರ ನನ್ನ ಓರಗಿತ್ತಿ ಮನೆಗೆ ಬಂದು ಆರೋಗ್ಯ ವಿಮೆ ಮಾಡಿಸಿ ಅಂತ ಹೇಳಿ ಹೋದೆಯಂತೆ. ನಾನು ಹೊಲದಲ್ಲಿದ್ದೆ. ಸಿಕ್ಕಿದ್ದರೆ ಎದುರಿಗೇ ಹೇಳುತ್ತಿದ್ದೆ. ಆದರೆ ಇದು ನಮ್ಮಿಬ್ಬರ ಮಾತಷ್ಟೇ ಅಲ್ಲ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಲ್ಲ ಕಡೆ ನಿನ್ನಂಥವರು ಬೈಕಿನಲ್ಲಿ ಸುತ್ತುತ್ತಿದ್ದೀರಿ, ನಮ್ಮಂಥವರು ತೋರಿಸಿದ ಜಾಗದಲ್ಲಿ ಸಹಿ ಹಾಕುತ್ತಿದ್ದೇವೆ. ಅದಕ್ಕೇ ನಾಲ್ಕು ಜನ ಓದಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಮಾವನ ಪಾಲಿಸಿ ಬರೆದ ದಿನ ನಿನಗೆ ನೆನಪಿದೆಯೋ ಇಲ್ಲವೋ. ಹೊಗೆಸೊಪ್ಪಿನ ಹರಾಜಿನ ದುಡ್ಡು ಆಗತಾನೇ ಬ್ಯಾಂಕಿಗೆ ಬಂದಿತ್ತು. ನೀನು ಬೈಕಿನ ಸೀಟಿನ ಮೇಲೆ ಫಾರಂ ಹರಡಿಕೊಂಡು ಟಿಕ್ ಹಾಕುತ್ತಾ ಹೋದೆ. ಸಕ್ಕರೆ ಕಾಯಿಲೆ? ಇಲ್ಲ. ಬಿಪಿ? ಇಲ್ಲ. ತಂಬಾಕು? ಇಲ್ಲ. ಮಾವ ಅಲ್ಲೇ ಜಗಲಿ ಮೇಲೆ ಕೂತು ಎಲೆಯಡಿಕೆಗೆ ಕಡ್ಡಿಪುಡಿ ಸೇರಿಸಿಕೊಳ್ಳುತ್ತಿದ್ದರು. ಸಕ್ಕರೆ ಮಾತ್ರೆ ಶುರುವಾಗಿ ಆಗಲೇ ಎಂಟು ವರ್ಷ. ಅದನ್ನು ನಾನು ಹೇಳಿದೆ. "ಸುಮ್ನಿರಿ ಅಕ್ಕ, ಅದನ್ನೆಲ್ಲ ಬರೆದ್ರೆ ಪ್ರೀಮಿಯಂ ಜಾಸ್ತಿ ಆಗುತ್ತೆ" ಅಂದೆ. ನಾನು ಸುಮ್ಮನಾದೆ. ಅದು ನನ್ನ ತಪ್ಪು.

ನಾಲ್ಕನೇ ವರ್ಷ ಮಾವ ಕಾಲು ಎಡವಿದರು. ಹೆಬ್ಬೆರಳಿನ ಗಾಯ ಮಾಯಲಿಲ್ಲ, ಕಪ್ಪಾಗುತ್ತಾ ಬಂತು. ಮೈಸೂರಿಗೆ ಕರೆದುಕೊಂಡು ಹೋದೆವು, ಎರಡು ಬೆರಳು ತೆಗೆದರು. ಸೇರಿಸಿದ ದಿನವೇ ಡಾಕ್ಟರು ಕೇಸ್ ಶೀಟಿನಲ್ಲಿ ಬರೆದುಕೊಂಡಿದ್ದರು: ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಕಂಪನಿಗೆ ಆ ಒಂದು ಸಾಲು ಸಾಕಾಯಿತು. ಕಾಯಿಲೆ ಮುಚ್ಚಿಟ್ಟಿದ್ದೀರಿ ಅಂತ ಕ್ಲೇಮು ತಳ್ಳಿಹಾಕಿದರು. ನನ್ನ ಓಲೆ, ಸರ ಅಡವಿಟ್ಟು ಬಿಲ್ಲು ಕಟ್ಟಿದೆವು.

ಹೊಟ್ಟೆ ಉರಿಯುವುದು ಇದಕ್ಕೆ ತಮ್ಮಾ: ಆ ಪಾಲಿಸಿಯಲ್ಲಿ ಹಳೇ ಕಾಯಿಲೆಗೆ ಕಾಯುವ ಅವಧಿ ಇದ್ದದ್ದು ಮೂರೇ ವರ್ಷ. ಅವತ್ತು ನಿಜ ಬರೆದು, ವರ್ಷಕ್ಕೆ ಒಂದಿಷ್ಟು ಹೆಚ್ಚಿಗೆ ಕಟ್ಟಿದ್ದರೆ ನಾಲ್ಕನೇ ವರ್ಷಕ್ಕೆ ಆ ಅವಧಿ ಮುಗಿದಿರುತ್ತಿತ್ತು, ಸಕ್ಕರೆ ಕಾಯಿಲೆಯ ನೆಪ ಹೇಳಿ ಅವರು ಕೈಬಿಡುವ ಹಾಗಿರಲಿಲ್ಲ. ಈಗಂತೂ ಯಾವ ಕಂಪನಿಯೂ ಹಳೇ ಕಾಯಿಲೆಗೆ ಮೂರು ವರ್ಷಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹಾಗೆ ನಿಯಮ ಮಾಡಿದೆ. ವಿಮೆ ಕಷ್ಟಕ್ಕೆ ಆಗುತ್ತದೋ ಇಲ್ಲವೋ ಅನ್ನುವುದು ಆಸ್ಪತ್ರೆಗಿಂತ ಮೊದಲು ನಿನ್ನ ಬೈಕಿನ ಸೀಟಿನ ಮೇಲೆ ತೀರ್ಮಾನವಾಗಿರುತ್ತದೆ.

ಓರಗಿತ್ತಿ ಮನೆಗೆ ಮತ್ತೆ ಬರುತ್ತೀಯಲ್ಲ, ಮೊದಲು ಅವಳ ರೇಷನ್ ಕಾರ್ಡು ಕೇಳು. ಬಿಪಿಎಲ್ ಕಾರ್ಡು ಇದ್ದವರ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಸೊಸೈಟಿಯಲ್ಲಿ ಷೇರು ಇದ್ದರೆ ಯಶಸ್ವಿನಿ ಇದೆ. 2003ರಲ್ಲಿ ಅದು ಶುರುವಾದಾಗ ತಿಂಗಳಿಗೆ 5 ರೂಪಾಯಿ. 2018ರಲ್ಲಿ ನಿಂತುಹೋಗಿತ್ತು, ಆಮೇಲೆ ಮತ್ತೆ ತಂದರು. ಹಳ್ಳಿಯಲ್ಲಿ ನಾಲ್ಕು ಜನರ ಸಂಸಾರಕ್ಕೆ ವರ್ಷಕ್ಕೆ 500 ರೂಪಾಯಿ ಅಂತ ಗೊತ್ತುಮಾಡಿ ಮತ್ತೆ ಶುರುಮಾಡಿದ್ದು. ನೋಂದಣಿ ವರ್ಷಪೂರ್ತಿ ತೆರೆದಿರುವುದಿಲ್ಲ, ಆ ತಿಂಗಳು ತಪ್ಪಿದರೆ ಮುಂದಿನ ವರ್ಷವೇ. ಇವನ್ನು ಹೇಳಿದರೆ ನಿನಗೆ ಕಮಿಷನ್ ಬರುವುದಿಲ್ಲ, ಗೊತ್ತು. ಹೇಳು. ಅದರ ಮೇಲೂ ಅವಳಿಗೆ ಖಾಸಗಿ ಪಾಲಿಸಿ ಬೇಕಾದರೆ ನಂಬಿಕೆಯಿಂದ ನಿನ್ನ ಹತ್ತಿರವೇ ಮಾಡಿಸುತ್ತಾಳೆ.

ಆಗ ರೂಮಿನ ಬಾಡಿಗೆ ವಿಷಯ ಬಿಡಿಸಿ ಹೇಳು. ನಮ್ಮ ಪಕ್ಕದ ಮನೆಯವರದು 3 ಲಕ್ಷದ ಪಾಲಿಸಿ. ರೂಮಿಗೆ ನೂರಕ್ಕೆ ಒಂದರಂತೆ, ಅಂದರೆ ದಿನಕ್ಕೆ 3,000 ಮಿತಿ. "ಇನ್ಶೂರೆನ್ಸ್ ಇದೆಯಲ್ಲ, ಒಳ್ಳೇ ರೂಮೇ ತಗೊಳ್ಳಿ" ಅಂತ ಯಾರೋ ಅಂದರು, 6,000ದ ರೂಮು ತೆಗೆದುಕೊಂಡರು. ಬಾಡಿಗೆಯಲ್ಲಿ ಮಾತ್ರ ಅರ್ಧ ಹೋಗುತ್ತದೆ ಅಂದುಕೊಂಡಿದ್ದರು. ಡಾಕ್ಟರ ಫೀಸು, ಆಪರೇಷನ್ ಥಿಯೇಟರು, ಎಲ್ಲದರಲ್ಲೂ ಅರ್ಧ ಕಡಿದರು. ಔಷಧಿ, ಪರೀಕ್ಷೆ, ಒಳಗೆ ಕೂರಿಸುವ ರಾಡು-ಸ್ಟೆಂಟುಗಳ ದುಡ್ಡಿನಲ್ಲಿ ಹಾಗೆ ಕಡಿಯುವಂತಿಲ್ಲ ಅನ್ನುವುದನ್ನೂ ಯಾರೂ ಅವರಿಗೆ ಹೇಳಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ನೂರಕ್ಕೆ 18ರ ಜಿಎಸ್‌ಟಿ ಹೋಗಿದೆ. ಆ ಉಳಿತಾಯಕ್ಕೆ ಇನ್ನೊಂದಿಷ್ಟು ಸೇರಿಸಿದರೆ ರೂಮಿಗೆ ಮಿತಿ ಇಲ್ಲದ ಪಾಲಿಸಿ ಸಿಗುತ್ತದೇನೋ ನೋಡಿಕೊಡು. ಮೈಸೂರಿನ ಯಾವ ಆಸ್ಪತ್ರೆಯಲ್ಲಿ ನಿಮ್ಮ ಕಂಪನಿಯ ಕ್ಯಾಶ್‌ಲೆಸ್ ಇದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಡು. ನಡುರಾತ್ರಿ ಅಂತರಸಂತೆಯಿಂದ ಹೊರಟವರು ಆಂಬುಲೆನ್ಸಿನಲ್ಲಿ ಕೂತು ಫೋನು ತಡಕಾಡುವ ಹಾಗೆ ಆಗಬಾರದು.

ಇನ್ನೊಂದು. ಪಾಲಿಸಿಯ ಮುಖ್ಯ ವಿಷಯಗಳನ್ನೆಲ್ಲ ಸೇರಿಸಿ ಕಂಪನಿ ಒಂದು ಮಾಹಿತಿ ಪತ್ರ ಕೊಡಲೇಬೇಕು, ಕೇಳಿದರೆ ನಮ್ಮ ಭಾಷೆಯಲ್ಲೂ ಕೊಡಬೇಕು ಅಂತ ನಿಯಮವಿದೆ. ಅದನ್ನು ಕನ್ನಡದಲ್ಲಿ ತರಿಸು. ಪಾಲಿಸಿ ಕೈಗೆ ಬಂದ ಮೇಲೆ ಒಪ್ಪಿಗೆಯಾಗದಿದ್ದರೆ ವಾಪಸು ಕೊಡಲು 30 ದಿನ ಇದೆ. ಅಷ್ಟರಲ್ಲಿ ಶಾಲೆಗೆ ಹೋಗುವ ಅವಳ ಮಗಳ ಕೈಲಿ ಓದಿಸಿ ಕೇಳಿಸಿಕೊಳ್ಳುತ್ತಾಳೆ.

ಕ್ಲೇಮು ತಳ್ಳಿಹಾಕಿದರೆ ಏನು ಮಾಡಬೇಕು ಅನ್ನುವುದನ್ನೂ ಪಾಲಿಸಿ ಮಾಡಿಸುವಾಗಲೇ ಹೇಳಿಬಿಡು. ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಡಬೇಕು. ತಿಂಗಳಾದರೂ ಉತ್ತರ ಬರದಿದ್ದರೆ, ಬಂದದ್ದು ಸರಿಯಿಲ್ಲದಿದ್ದರೆ, ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಫೀಸಿಲ್ಲ, ವಕೀಲರು ಬೇಕಿಲ್ಲ. ಆದರೆ ಒಂದು ವರ್ಷದೊಳಗೆ ಹೋಗಬೇಕು. ನಮಗೆ ಈ ದಾರಿ ಇದೆ ಅಂತ ತಿಳಿಯುವಷ್ಟರಲ್ಲಿ ಆ ವರ್ಷ ಮುಗಿದಿತ್ತು. ಅಲ್ಲಿ ನಮ್ಮ ಕಡೆ ತೀರ್ಪು ಆಗುತ್ತಿತ್ತು ಅಂತಲ್ಲ. ಫಾರಂ ತುಂಬಿದ್ದು ಯಾರು, ಏನು ಹೇಳಿ ತುಂಬಿದರು ಅನ್ನುವುದನ್ನು ಒಬ್ಬರಾದರೂ ಕೂತು ಕೇಳುತ್ತಿದ್ದರು.

ನೀನು ಕೆಟ್ಟವನು ಅಂತ ನಾನು ಯಾರ ಹತ್ತಿರವೂ ಹೇಳಿಲ್ಲ. ಮಾವ ಆಸ್ಪತ್ರೆಯಲ್ಲಿದ್ದಾಗ ಎರಡು ಸಲ ಬಂದು ನೋಡಿಕೊಂಡು ಹೋದೆ, ಅದನ್ನು ಅವರು ಈಗಲೂ ನೆನೆಯುತ್ತಾರೆ. ಓರಗಿತ್ತಿಗೂ ಎರಡು ವರ್ಷದಿಂದ ಬಿಪಿ ಇದೆ. ಈ ಸಲ ಬೈಕಿನ ಸೀಟು ಬೇಡ, ಒಳಗೆ ಬಾ. ಕಾಫಿ ಕುಡಿದುಕೊಂಡು ನಿಧಾನವಾಗಿ ಬರೆಯೋಣ. ಅವಳ ಮಾತ್ರೆಯ ಡಬ್ಬಿ, ಆಸ್ಪತ್ರೆ ಚೀಟಿ ಎಲ್ಲ ನಾನೇ ತಂದು ಫಾರಂ ಪಕ್ಕದಲ್ಲಿ ಇಟ್ಟಿರುತ್ತೇನೆ.

ಇಂತಿ,
ನಿನ್ನ ಅಕ್ಕ
ಅಂತರಸಂತೆ